ಉದ್ದ ಬೇಡ, ಅಗಲ ನೋಡು

ಕೆರೆಕಟ್ಟೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಮೊದಲ ಸಂಬಳದಲ್ಲಿ ಅಮ್ಮನಿಗೆ ದೊಡ್ಡ ಸ್ಕ್ರೀನಿನ ಫೋನ್ ಕೊಡಿಸುತ್ತೇನೆ, 6.7 ಇಂಚು ಸಾಕಾ ಎಂದು ಕೇಳಿದ್ದೀಯ. ನಿನ್ನ ಹಾಗೆ ಬೆಂಗಳೂರಿನಿಂದ ಊರಿಗೆ ಫೋನ್ ಕಳಿಸುವ ಮಕ್ಕಳು ಬಹಳ ಇದ್ದಾರೆ, ಅವರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ ಓದಿದವನೇ ಸ್ಕೇಲು ಹುಡುಕಿ ತಂದೆ. ಅಂಗಡಿಯವರು ಹೇಳುವ ಇಂಚು ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದದ್ದು. 2016ರಲ್ಲಿ ನಾನು ಕೊಂಡ ಫೋನ್ 5.5 ಇಂಚಿನದು, ಪರದೆಯ ಆಕಾರ 16ಕ್ಕೆ 9. ಈಗಿನವು ಹೆಚ್ಚಾಗಿ 20ಕ್ಕೆ 9. ಲೆಕ್ಕ ಹಾಕಿ ನೋಡಿದೆ: ಹಳೆಯದರ ಅಗಲ 2.7 ಇಂಚು, ನೀನು ಹೇಳುವುದರದ್ದು 2.75. ಬೆಳೆದದ್ದೆಲ್ಲ ಅಡಿಕೆ ಮರದ ಹಾಗೆ ಮೇಲಕ್ಕೆ! ಅಮ್ಮ ಓದುವುದು ಅಡ್ಡಕ್ಕೆ ಮಾರಾಯ್ತಿ. ಕನ್ನಡದ ಪದಗಳೂ ಉದ್ದ. ಅಕ್ಷರ ದೊಡ್ಡದು ಮಾಡಿದರೆ ಸಾಲಿಗೆ ಎರಡೋ ಮೂರೋ ಪದ ಹಿಡಿಯುತ್ತವೆ. ಚಿಕ್ಕದೇ ಇರಲಿ ಎಂದರೆ ಒತ್ತಕ್ಷರ ಕಾಣದೆ ಕತ್ತೆ ಹೋಗಿ ಕತೆಯಾಗುತ್ತದೆ. ಅದಕ್ಕೇ ಆನ್‌ಲೈನಿನಲ್ಲಿ ತರಿಸಬೇಡ. ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಅಕ್ಷರ ದೊಡ್ಡದು ಮಾಡಿಸಿ, ಒಂದು ಕನ್ನಡ ಮೆಸೇಜು ಓದಿಸು. ಅಮ್ಮ ಒಂದೇ ಕೈಯಲ್ಲಿ ಹಿಡಿದಾಗ ಹೆಬ್ಬೆರಳು ಎಲ್ಲಿಯವರೆಗೆ ಹೋಗುತ್ತದೆ ನೋಡು. ಇನ್ನೊಂದು ಕೈಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಛತ್ರಿ ಇರುತ್ತದಲ್ಲ.

ನೀರಿನ ವಿಷಯ. ಐಪಿ68 ಎಂದು ಬರೆದದ್ದನ್ನು ನೋಡಿ ಮಳೆಯಲ್ಲೂ ನಡೆಯುತ್ತದೆ ಅಂದುಕೊಳ್ಳಬೇಡ. ಅದು ನೀರು ಒಳಗೆ ಇಳಿಯದಂತೆ ತಡೆಯುತ್ತದೆ, ಅಷ್ಟೇ. ಪರದೆ ಗುರುತಿಸುವುದು ಬೆರಳು ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು. ಮಳೆ ಹನಿ ಬಿದ್ದರೂ ಆ ಬದಲಾವಣೆ ಆಗುತ್ತದೆ. ಕಳೆದ ಆಷಾಢದಲ್ಲಿ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದೆ. ಹನಿ ಬಿದ್ದು ಕಾಲ್ ಕಟ್ಟಾಯಿತು, ಮರುಕ್ಷಣ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿಗೆ ರಿಂಗ್ ಹೋಯಿತು. (ಅವನು ಎತ್ತಿದ. ಅಡಿಕೆ ರೇಟು ಮಾತಾಡಿದೆವು.) ಫೋನಿನ ಜೊತೆ ಒಂದು ಹತ್ತಿಬಟ್ಟೆ ಕೊಡು.

ಎಲ್ಲಕ್ಕಿಂತ ಮೊದಲು ಸಿಗ್ನಲ್. ನಮ್ಮ ಸುತ್ತ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಗುಡ್ಡ, ದಟ್ಟ ಕಾಡು. 700 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗ ಇಂಥಲ್ಲಿ ಹೆಚ್ಚು ದೂರ ಬರುತ್ತದೆ. ಬಿಎಸ್‌ಎನ್‌ಎಲ್ 4ಜಿ ಅದನ್ನು ಬಳಸುತ್ತದೆ. ಫೋನಿನ ವಿವರದಲ್ಲಿ 28ನೇ ಬ್ಯಾಂಡ್ ಇದೆಯೇ ಎಂದು ಕೇಳು. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ಜೋರಾಗಿ ಕೂಗಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ದೊಡ್ಡ ಪರದೆಯೂ ಕರೆಂಟು ಕುಡಿಯುವುದೇ. ಲೈನಿನ ಮೇಲೆ ಮರ ಬಿದ್ದರೆ ಇಲ್ಲಿ ಎರಡು ಮೂರು ದಿನ ಕತ್ತಲೆ. 5000 ಎಂಎಎಚ್‌ಗಿಂತ ಕಡಿಮೆಯದ್ದು ಬೇಡ. ಮನೆಗೆ ಫೈಬರ್ ಎಳೆಸಿದರೆ ವೈಫೈ ಕಾಲಿಂಗ್ ಬರುತ್ತದೆ. ಆ ಸೌಲಭ್ಯವೂ ಇರಲಿ.

ಕ್ಯಾಮೆರಾ ಎಂಥದ್ದಾದರೂ ಆದೀತು. ಅಮ್ಮ ತೆಗೆಯುವುದು ದಾಸವಾಳದ ಫೋಟೋ.

ಕೊಪ್ಪದ ಅಂಗಡಿಗೆ ಹೋಗುವ ದಿನ ತಿಳಿಸು. ಅಮ್ಮನ ಕನ್ನಡಕ ಮರೆಯಬೇಡ, ಸ್ಕೇಲು ನಾನು ತರುತ್ತೇನೆ.

ನಿನ್ನ ದೊಡ್ಡಪ್ಪ