ಹವಾಮಾನದ ಅರಿವು ಮತ್ತು ಜನರ ವಿಶ್ವಾಸ

ಹವಾಮಾನ ಬದಲಾಗುತ್ತಿದೆಯೆಂಬುದನ್ನು ಕಾಸರಗೋಡಿನ ಕೃಷಿಕನಿಗೆ ಯಾರೂ ಪಾಠ ಹೇಳಿ ತಿಳಿಸಬೇಕಾಗಿಲ್ಲ. ಅಡಿಕೆಗೆ ಮದ್ದು ಬಿಡಲು ಒಂದು ದಿನದ ಹೊಳವೂ ದೊರೆಯದ ಮಳೆಗಾಲವನ್ನು ಅವನು ಕಂಡಿದ್ದಾನೆ. ಆದರೆ ಅರಿವು ಇದ್ದಮಾತ್ರಕ್ಕೆ ಜನರು ಎಚ್ಚರಿಕೆಗೆ ಕಿವಿಗೊಡುವರೆಂದು ತಿಳಿಯಲಾಗದು. ಹೇಳುವವರ ಹಿಂದಿನ ಮಾತು ನಿಜವಾಗಿತ್ತೇ ಎಂಬುದನ್ನು ಅವರು ಮೊದಲು ನೋಡುತ್ತಾರೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಅನುಭವ ಕಹಿಯಾದುದು. ಎಣ್ಮಕಜೆ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರಿಂದ ಅಪಾಯವಿಲ್ಲವೆಂಬ ಮಾತನ್ನು ಜನರು ಬಲ್ಲವರ ಬಾಯಿಂದಲೇ ಕೇಳಿದ್ದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು 2017ರಲ್ಲಿ. ಇಂತಹ ಊರಿನಲ್ಲಿ ‘ತಜ್ಞರು ಹೇಳಿದ್ದಾರೆ’ ಎಂಬುದಕ್ಕೆ ಎಷ್ಟು ಬೆಲೆ ಇದ್ದೀತು?

ಪಶ್ಚಿಮ ಘಟ್ಟದ ವರದಿಯ ಕಥೆಯೂ ಹೀಗೆಯೇ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿಯು 2011ರ ಆಗಸ್ಟಿನಲ್ಲಿ ವರದಿ ಒಪ್ಪಿಸಿತು. ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ಮುಂದುವರಿಯಬೇಕೆಂಬುದು ಅದರ ಆಶಯ. ಆದರೆ ಕೇಂದ್ರ ಸರಕಾರವು ಅದನ್ನು ಕೂಡಲೇ ಪ್ರಕಟಿಸಲಿಲ್ಲ. ಮಾಹಿತಿ ಹಕ್ಕಿನ ಹೋರಾಟದ ಬಳಿಕ 2012ರ ಮೇ ತಿಂಗಳಲ್ಲಿ ಅದು ಹೊರಬಂತು, ಅದೂ ಇಂಗ್ಲಿಷಿನಲ್ಲಿ. ತಾನು ಓದಲಾಗದ ವರದಿಯನ್ನು ರೈತನು ಪರರ ಬಾಯಿಂದ ಕೇಳಿದನು. ಮನೆಮಠ ಬಿಡಬೇಕಾದೀತೆಂಬ ಭಯ ಹಬ್ಬಿತು. ಕಸ್ತೂರಿರಂಗನ್ ಸಮಿತಿಯ ವರದಿಯ ಜಾರಿಗೆ 2013ರಲ್ಲಿ ಸಿದ್ಧತೆ ನಡೆದಾಗ ಇಡುಕ್ಕಿ, ವಯನಾಡುಗಳಲ್ಲಿ ಪ್ರತಿಭಟನೆ ಭುಗಿಲೆದ್ದಿತು. ಪ್ರತಿಭಟಿಸಿದವರೆಲ್ಲ ಅಜ್ಞಾನಿಗಳೆಂಬ ಪೇಟೆಯವರ ಮಾತನ್ನು ನಾನು ಒಪ್ಪಲಾರೆ. ಕೈಗೆ ಕೊಡದ ಪುಸ್ತಕದಲ್ಲಿ ಪರೀಕ್ಷೆ ನಡೆಸಿದರೆ ಮಕ್ಕಳನ್ನು ದೂರಬಹುದೇ?

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು 250ಕ್ಕೂ ಹೆಚ್ಚು ಜನ ಸತ್ತರು. ಅಂದಿನ ಮಳೆಯ ತೀವ್ರತೆ ಹವಾಮಾನ ಬದಲಾವಣೆಯಿಂದ ಶೇಕಡಾ 10ರಷ್ಟು ಹೆಚ್ಚಿತ್ತೆಂದು ವಿಜ್ಞಾನಿಗಳು ಅಂದಾಜಿಸಿದರು. ಶವಗಳು ಇನ್ನೂ ಸಿಗುತ್ತಿರುವಾಗಲೇ, ಮುನ್ಸೂಚನೆ ಕೊಟ್ಟಿದ್ದೆವೆಂದು ಕೇಂದ್ರವೂ, ಕೆಂಪು ಎಚ್ಚರಿಕೆ ಬಂದದ್ದು ಗುಡ್ಡ ಜರಿದ ಮೇಲೆಂದು ರಾಜ್ಯವೂ ವಾದಕ್ಕಿಳಿದವು.

ಅದೇ ಜಿಲ್ಲೆಯಲ್ಲಿ ಬೇರೊಂದು ಕೆಲಸವೂ ನಡೆದಿದೆ. ಕಲ್ಪೆಟ್ಟದ ಹ್ಯೂಮ್ ಕೇಂದ್ರವು 200ಕ್ಕೂ ಹೆಚ್ಚು ಕಡೆ ಮಳೆಮಾಪಕಗಳನ್ನಿರಿಸಿ, ಕೃಷಿಕರಿಂದಲೇ ದಿನದಿನದ ಮಳೆಯನ್ನು ಅಳೆಯಿಸಿ ಲೆಕ್ಕವನ್ನು ಒಟ್ಟುಗೂಡಿಸುತ್ತ ಬಂದಿದೆ. ದುರಂತದ ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿದ್ದೆವೆಂದು ಆ ಕೇಂದ್ರದವರು ಹೇಳಿದ್ದಾರೆ. ತನ್ನ ಅಂಗಳದಲ್ಲಿ ತಾನೇ ಅಳೆದ ಮಳೆಯನ್ನು ಯಾವ ರೈತ ನಂಬದಿದ್ದಾನು?

ನಮ್ಮಲ್ಲಿಯಾದರೋ ಎಚ್ಚರಿಕೆಯ ಪ್ರಕಟಣೆಗಳು ಬಹುಪಾಲು ಮಲಯಾಳದಲ್ಲೇ ಬರುತ್ತವೆ. ಕೆಂಪು ಎಚ್ಚರಿಕೆಯೆಂದರೆ ಮಕ್ಕಳಿಗೆ ಶಾಲೆಯ ರಜೆ. ಅಂದು ಬಿಸಿಲು ಕಾಯ್ದರೆ ಹಿರಿಯರಿಗೆ ನಗು. ಸುವರ್ಣ ಮಹೋತ್ಸವದ ನೆನಪಿಗೆ ಹಳೆವಿದ್ಯಾರ್ಥಿಗಳು ಶಾಲೆಗೊಂದು ಮಳೆಮಾಪಕವನ್ನು ಕೊಡಬಾರದೇಕೆ? ಹವಾಮಾನ ಇಲಾಖೆಯವರಂತೆ ಬೆಳಗ್ಗೆ ಎಂಟೂವರೆಗೆ ಅಳೆಯಬೇಕು. ಹತ್ತಿರದ ಮನೆಗಳ ಮಕ್ಕಳು ಸರದಿಯಲ್ಲಿ ಬಂದು ಅಳೆದು, ರಸ್ತೆಗೆ ಕಾಣುವಂತೆ ಕರಿಹಲಗೆಯ ಮೇಲೆ ಕನ್ನಡದಲ್ಲಿ ಬರೆಯಲಿ.