ದಾಂಪತ್ಯ ಸಮಾಲೋಚಕರಿಗೆ ಸಿಬಿಟಿ: ಕಾರ್ಯಾಗಾರದ ನಂತರ ಏನು?

ಪ್ರಶ್ನೆ: ಕೌಟುಂಬಿಕ ಸಲಹಾ ಕೇಂದ್ರವೊಂದರ ಆಪ್ತಸಮಾಲೋಚಕರು ಸಿಬಿಟಿ (ಅರಿವು-ವರ್ತನಾ ಚಿಕಿತ್ಸೆ) ಕಾರ್ಯಾಗಾರ ಮುಗಿಸಿಯೂ ಹಳೆಯಂತೆ ಬುದ್ಧಿವಾದವನ್ನೇ ಹೇಳುತ್ತಿದ್ದಾರೆಂದು ಕೇಂದ್ರದ ಮುಖ್ಯಸ್ಥೆ ಬರೆದಿದ್ದಾರೆ.

ಉತ್ತರ: ಕಾರ್ಯಾಗಾರದಿಂದ ದೊರೆಯುವುದು ತಿಳಿವಳಿಕೆಯೇ ಹೊರತು ಕೌಶಲವಲ್ಲವಾದ್ದರಿಂದ, ಮತ್ತೊಂದಕ್ಕೆ ಹಣ ಸುರಿಯುವ ಮುನ್ನ ತಾವು ನಿಯಮಿತ ಮೇಲ್ವಿಚಾರಣೆಯ ಏರ್ಪಾಡು ಮಾಡುವುದು ಲೇಸು. ಆಲೋಚನೆ, ಭಾವನೆ, ವರ್ತನೆಗಳ ನಂಟನ್ನು ಪರೀಕ್ಷಿಸುವ ಈ ಚಿಕಿತ್ಸಾಕ್ರಮವನ್ನು ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ರೂಪಿಸಿದರು. ದಾಂಪತ್ಯದಲ್ಲಿ ಮೊದಲು ಕಲಿಯಬೇಕಾದುದು ಆಲೋಚನಾ ದಾಖಲೆ. ಉದಾಹರಣೆಗೆ, ಅದರಲ್ಲಿ ಗಂಡ ತಡವಾಗಿ ಬಂದದ್ದು ಘಟನೆ, ‘ನನಗೆ ಬೆಲೆಯೇ ಇಲ್ಲ’ ಎಂಬುದು ಹೆಂಡತಿಗೆ ಥಟ್ಟನೆ ಹೊಳೆದ ಆಲೋಚನೆ, ಮಾತು ಬಿಟ್ಟದ್ದು ವರ್ತನೆ. ಆ ಆಲೋಚನೆಗೆ ಆಧಾರವೇನು, ಬೇರೆ ಅರ್ಥ ಸಾಧ್ಯವೇ ಎಂದು ಸಮಾಲೋಚಕರು ಕೇಳಬೇಕೇ ವಿನಾ ‘ಹೊಂದಿಕೊಂಡು ಹೋಗಮ್ಮ’ ಎನ್ನಬಾರದು.

ಇದನ್ನು ಮೊದಲು ಪಾತ್ರಾಭಿನಯದಲ್ಲಿ ಅಭ್ಯಸಿಸಿ, ಬಳಿಕ ದಂಪತಿಗಳ ಲಿಖಿತ ಒಪ್ಪಿಗೆಯೊಂದಿಗೆ ಧ್ವನಿಮುದ್ರಿಸಿದ ಭೇಟಿಗಳನ್ನು ಮೇಲ್ವಿಚಾರಕರಿಗೆ ಕೇಳಿಸಿ ತಿದ್ದಿಸಿಕೊಳ್ಳತಕ್ಕದ್ದು. ಮೌಲ್ಯಮಾಪನಕ್ಕೆ 11 ಅಂಶಗಳ, 66 ಅಂಕಗಳ ಅಳತೆಪಟ್ಟಿಯಿದ್ದು, ಸಾಮಾನ್ಯವಾಗಿ 40 ಅಂಕವನ್ನು ಸಾಮರ್ಥ್ಯದ ಗಡಿಯೆಂದು ಗಣಿಸಲಾಗುತ್ತದೆ. ಮೇಲ್ವಿಚಾರಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿರಲಿ. ಬೆಂಗಳೂರಿನ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು.

ಮನೆಯಲ್ಲಿ ಹೊಡೆತವಿದ್ದರೆ ಆಲೋಚನಾ ದಾಖಲೆಯನ್ನು ಬದಿಗಿಡಬೇಕು, ಏಕೆಂದರೆ ಅಲ್ಲಿನ ಭಯ ತಪ್ಪು ಆಲೋಚನೆಯಲ್ಲ. ಅಂಥ ಮಹಿಳೆಯನ್ನು ಪ್ರತ್ಯೇಕವಾಗಿ ಕಂಡು, ಅವರು ಒಪ್ಪಿದರೆ, ಕೌಟುಂಬಿಕ ಹಿಂಸಾಚಾರ ತಡೆಯ 2005ರ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯನ್ನು ಸಂಪರ್ಕಿಸಬೇಕು. ಆತ್ಮಹತ್ಯೆಯ ಮಾತು ಬಂದಲ್ಲಿ ಅಂದೇ ಮನೋವೈದ್ಯರ ಬಳಿಗೆ ಕಳುಹಿಸಿ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಬರೆದುಕೊಡಬೇಕು.