ಹುರಿದ ಮಾಲ್ಟ್: ಆಮದು–ರಫ್ತು ವಹಿವಾಟಿನಲ್ಲಿ ಸುಂಕ ವರ್ಗೀಕರಣ

ಬೆಂಗಳೂರಿನಲ್ಲಿ ಕಿರು ಬಿಯರ್ ತಯಾರಿಕಾ ಘಟಕಗಳು ಹೆಚ್ಚಿದಂತೆಲ್ಲ ಹೊರದೇಶಗಳ ವಿಶೇಷ ಮಾಲ್ಟ್‌ಗಳಿಗೂ ಇಲ್ಲಿ ಬೇಡಿಕೆ ಹುಟ್ಟಿಕೊಂಡಿದೆ. ಬಿಯರ್‌ಗೆ ಕಪ್ಪು ಬಣ್ಣವನ್ನೂ ಹುರಿದ ಕಾಳಿನ ಕಮ್ಮನೆಯ ವಾಸನೆಯನ್ನೂ ಕೊಡುವ ಹುರಿದ ಮಾಲ್ಟ್ ಇವುಗಳಲ್ಲಿ ಮುಖ್ಯವಾದುದು. ಪ್ರಮಾಣ ಸಣ್ಣದಾದರೂ ವರ್ಗೀಕರಣದ ದೃಷ್ಟಿಯಿಂದ ಇದು ತೊಡಕಿನ ಸರಕು. ಒಂದೇ ಕಾಳು ಸಿದ್ಧಗೊಂಡ ರೀತಿಗೆ ಅನುಗುಣವಾಗಿ ಮೂರು ನಾಲ್ಕು ಬೇರೆ ಬೇರೆ ಶೀರ್ಷಿಕೆಗಳ ಅಡಿಯಲ್ಲಿ ಬರಬಹುದು. ಸಂಖ್ಯೆ ತಪ್ಪಿದರೆ ಅದರ ಭಾರ ಹೊರಬೇಕಾದವನು ಆಮದುದಾರನೇ. ಆದಕಾರಣ ಈ ವಿಷಯವನ್ನು ಹಂತ ಹಂತವಾಗಿ ಪರಿಶೀಲಿಸುವುದು ಉಚಿತ.

ಮಾಲ್ಟ್ ಎಂದರೇನು?

ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದಾಗ ದೊರೆಯುವುದೇ ಮಾಲ್ಟ್. ಇದಕ್ಕೆ ಹೆಚ್ಚಾಗಿ ಬಳಕೆಯಾಗುವ ಧಾನ್ಯ ಬಾರ್ಲಿ. ಸಾಮಾನ್ಯ ತಿಳಿ ಮಾಲ್ಟನ್ನು ಸುಮಾರು 80ರಿಂದ 85 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ಒಣಗಿಸಿ ಮುಗಿಸುತ್ತಾರೆ. ಇಷ್ಟು ಶಾಖದಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಉಳಿದುಕೊಳ್ಳುತ್ತವೆ. ಹುರಿದ ಮಾಲ್ಟ್‌ನಲ್ಲಿ ಇದರ ಮುಂದೆ ಇನ್ನೊಂದು ಕ್ರಿಯೆ ಇದೆ. ತಿರುಗುವ ಉರುಳೆಯಲ್ಲಿ ಕಾಳನ್ನು 200 ಡಿಗ್ರಿಗೂ ಮೀರಿದ ಶಾಖದಲ್ಲಿ ಹುರಿಯಲಾಗುತ್ತದೆ. ಆಗ ಕಿಣ್ವಗಳು ನಾಶವಾಗಿ ಬಣ್ಣ ಮತ್ತು ರುಚಿ ಮಾತ್ರ ಉಳಿಯುತ್ತವೆ. ಒಣಗಿಸುವುದು ಬೇರೆ, ಹುರಿಯುವುದು ಬೇರೆ ಎಂಬ ಈ ವ್ಯತ್ಯಾಸವನ್ನು ಮೊದಲು ಮನಗಾಣಬೇಕು.

ಸುಂಕಪಟ್ಟಿಯಲ್ಲಿ ಸ್ಥಾನ

ವಿಶ್ವ ಸೀಮಾಶುಲ್ಕ ಸಂಘಟನೆಯ ಸಮನ್ವಿತ ಪದ್ಧತಿ 1988ರ ಜನವರಿ 1ರಿಂದ ಜಾರಿಯಲ್ಲಿದೆ. ಭಾರತದ 1975ರ ಸೀಮಾಶುಲ್ಕ ಪಟ್ಟಿ ಕಾಯಿದೆಯ ಮೊದಲ ಅನುಸೂಚಿಯೂ ಇದನ್ನೇ ಅನುಸರಿಸುತ್ತದೆ. ಇದರ 11ನೆಯ ಅಧ್ಯಾಯದಲ್ಲಿ ಗಿರಣಿ ಉತ್ಪನ್ನಗಳು, ಮಾಲ್ಟ್, ಪಿಷ್ಟ ಮೊದಲಾದವು ಬರುತ್ತವೆ. 1107ನೆಯ ಶೀರ್ಷಿಕೆ ‘ಹುರಿದ ಅಥವಾ ಹುರಿಯದ ಮಾಲ್ಟ್’ ಎಂದಿದೆ. ಹುರಿಯದ ಮಾಲ್ಟ್‌ಗೆ 1107 10, ಹುರಿದ ಮಾಲ್ಟ್‌ಗೆ 1107 20; ಭಾರತದ ಎಂಟು ಅಂಕಿಗಳ ಪಟ್ಟಿಯಲ್ಲಿ ಕ್ರಮವಾಗಿ 1107 10 00 ಮತ್ತು 1107 20 00. ಇಡೀ ಕಾಳಾಗಿರಲಿ, ನುಚ್ಚಾಗಿರಲಿ, ಹಿಟ್ಟಾಗಿರಲಿ, ಮಾಲ್ಟ್ ಮಾಲ್ಟಾಗಿಯೇ ಉಳಿದಿರುವವರೆಗೆ ಈ ಶೀರ್ಷಿಕೆಯೇ ಅನ್ವಯಿಸುತ್ತದೆ.

ಹೊರಗುಳಿಯುವ ಸರಕುಗಳು

ವರ್ಗೀಕರಣದ ಮೊದಲನೆಯ ಸಾಮಾನ್ಯ ನಿಯಮದಂತೆ ಶೀರ್ಷಿಕೆಯ ಪದಗಳ ಜೊತೆಗೆ ವಿಭಾಗ ಹಾಗೂ ಅಧ್ಯಾಯಗಳ ಟಿಪ್ಪಣಿಗಳನ್ನೂ ಓದಬೇಕು. ಹಲವರು ಎಡವುವುದು ಇಲ್ಲಿಯೇ. 11ನೆಯ ಅಧ್ಯಾಯದ ಮೊದಲ ಟಿಪ್ಪಣಿಯು ಕಾಫಿಗೆ ಬದಲಿಯಾಗಿ ಸಿದ್ಧಪಡಿಸಿದ ಹುರಿದ ಮಾಲ್ಟನ್ನು ಈ ಅಧ್ಯಾಯದಿಂದ ಹೊರಗಿಟ್ಟು 0901 ಅಥವಾ 2101ನೆಯ ಶೀರ್ಷಿಕೆಗೆ ಕಳುಹಿಸುತ್ತದೆ.

ಉದಾಹರಣೆಗೆ, ಬಿಯರ್ ತಯಾರಿಕೆಗಾಗಿ 25 ಕಿಲೋ ಚೀಲಗಳಲ್ಲಿ ಬಂದ ಹುರಿದ ಬಾರ್ಲಿ ಮಾಲ್ಟ್ 1107 20ಕ್ಕೆ ಸೇರುತ್ತದೆ. ಅದೇ ಮಾಲ್ಟನ್ನು ಪುಡಿ ಮಾಡಿ, ಕಾಲು ಕಿಲೋ ಪೊಟ್ಟಣಗಳಲ್ಲಿ ತುಂಬಿ, ‘ಮಾಲ್ಟ್ ಕಾಫಿ’ ಎಂದು ಹೆಸರಿಟ್ಟು, ಕುದಿನೀರಿನಲ್ಲಿ ಸೋಸಿ ಕುಡಿಯುವ ವಿಧಾನವನ್ನು ಮೇಲೆ ಮುದ್ರಿಸಿದ್ದರೆ ಅದು ಚಿಕೋರಿಯ ನೆರೆಯಲ್ಲಿ, 2101 30ರಲ್ಲಿ ನಿಲ್ಲುತ್ತದೆ. ಅದಕ್ಕೆ ಎಷ್ಟೇ ಪ್ರಮಾಣದಲ್ಲಿ ಕಾಫಿ ಬೆರೆತರೂ 0901 90ಕ್ಕೆ ಹೋಗುತ್ತದೆ. ಮಾಲ್ಟ್‌ನಿಂದ ತೆಗೆದ ಸಾರ, ಪಾಕದ ರೂಪದಲ್ಲಿರಲಿ ಪುಡಿಯ ರೂಪದಲ್ಲಿರಲಿ, 1901ನೆಯ ಶೀರ್ಷಿಕೆಗೆ ಸೇರಿದುದು. ಆದರೆ ಕಾಫಿ ಬದಲಿಯ ಸಾರವು 2101 30ರಲ್ಲಿಯೇ ಉಳಿಯುತ್ತದೆ.

ಇನ್ನೊಂದು ಎಚ್ಚರಿಕೆ ಹುರಿದ ಬಾರ್ಲಿಯ ಕುರಿತು. ನೋಟಕ್ಕೆ ಇದು ಹುರಿದ ಮಾಲ್ಟ್‌ನಂತೆಯೇ ಕಪ್ಪಗಿರುತ್ತದೆ. ಆದರೆ ಮೊಳಕೆ ಬರಿಸದ ಕಾಳು ಮಾಲ್ಟ್ ಆಗಲಾರದು. ನಮ್ಮ ಮನೆಗಳ ಉದಾಹರಣೆಯಿಂದ ಹೇಳುವುದಾದರೆ, ಮೊಳಕೆ ಕಟ್ಟಿದ ರಾಗಿಯ ಹಿಟ್ಟಿಗೂ ರಾಗಿಯ ಹುರಿಹಿಟ್ಟಿಗೂ ಇರುವ ಭೇದವೇ ಇಲ್ಲಿಯೂ ಇದೆ. ಆದ್ದರಿಂದ ಹುರಿದ ಬಾರ್ಲಿಗೆ 1107 20ನ್ನು ಬರೆಯಕೂಡದು. ತಯಾರಿಕೆಯ ಕ್ರಮ ಮತ್ತು ಉಪಯೋಗವನ್ನು ನೋಡಿ ಅದರ ಸ್ಥಾನವನ್ನು ಪ್ರತ್ಯೇಕವಾಗಿ ನಿರ್ಣಯಿಸಬೇಕು. ಹಾಗೆಯೇ ಅಂಗಡಿಗಳಲ್ಲಿ ‘ರಾಗಿ ಮಾಲ್ಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದೆಲ್ಲವೂ 1107 ಅಲ್ಲ. ಸಕ್ಕರೆ, ಹಾಲಿನ ಪುಡಿ, ಏಲಕ್ಕಿ ಬೆರೆಸಿದ ಪೇಯದ ಪುಡಿಯನ್ನು ರಫ್ತು ಮಾಡುವವರು ಅದನ್ನು ಆಹಾರ ಸಿದ್ಧತೆಗಳ ಸಾಲಿನಲ್ಲಿ, ಮುಖ್ಯವಾಗಿ 1901ರಲ್ಲಿ, ಪರಿಶೀಲಿಸಬೇಕು. ಸುಂಕಪಟ್ಟಿಯು ವ್ಯಾಪಾರದ ಹೆಸರನ್ನಲ್ಲ, ಸರಕಿನ ಸ್ವರೂಪವನ್ನು ನೋಡುತ್ತದೆ.

ಹೊಣೆ ಯಾರದು?

2011ರಿಂದ ಸ್ವಯಂ ನಿರ್ಧಾರಣೆಯ ಪದ್ಧತಿ ಇದೆ. 1962ರ ಸೀಮಾಶುಲ್ಕ ಕಾಯಿದೆಯ 17ನೆಯ ಕಲಮಿನಂತೆ ವರ್ಗೀಕರಣ, ಮೌಲ್ಯ, ಸುಂಕದ ದರ ಇವನ್ನು ಆಮದುದಾರನೇ ಘೋಷಿಸಬೇಕು. ಬ್ರೋಕರ್ ಬರೆದುಕೊಟ್ಟರೆಂಬ ಸಬೂಬು ಸಾಲದು. ಕಡಿಮೆ ಸಂದಾಯವಾದ ಸುಂಕಕ್ಕೆ 28ನೆಯ ಕಲಮಿನಡಿ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ನೋಟೀಸು ಬರಬಹುದು. ಉದ್ದೇಶಪೂರ್ವಕವಾಗಿ ತಪ್ಪು ಹೇಳಿದ ಅಥವಾ ವಿಷಯ ಮರೆಮಾಚಿದ ಪ್ರಕರಣಗಳಲ್ಲಿ ಈ ಅವಧಿ ಐದು ವರ್ಷ. ಅಷ್ಟರಲ್ಲಿ ಸರಕು ಮಾರಾಟವಾಗಿ ಹಣ ಕೈಬಿಟ್ಟಿರುತ್ತದೆ. ವ್ಯತ್ಯಾಸದ ಸುಂಕವನ್ನೂ ಬಡ್ಡಿಯನ್ನೂ ಸಣ್ಣ ವ್ಯಾಪಾರಿ ತನ್ನ ಬಂಡವಾಳದಿಂದಲೇ ತೆರಬೇಕಾಗುತ್ತದೆ.

ಎರಡು ಉಪಶೀರ್ಷಿಕೆಗಳ ದರ ಒಂದೇ ಆಗಿರುವಾಗ ಯಾವುದನ್ನು ಬರೆದರೇನು ಎಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ವ್ಯಾಪಾರ ಒಪ್ಪಂದದ ರಿಯಾಯಿತಿ ಕೋರುವಾಗ ಮೂಲ ಪ್ರಮಾಣಪತ್ರದಲ್ಲಿನ ಸಂಖ್ಯೆಗೂ ಬಿಲ್ ಆಫ್ ಎಂಟ್ರಿಯ ಸಂಖ್ಯೆಗೂ ತಾಳೆಯಾಗದಿದ್ದರೆ ಪ್ರಶ್ನೆಗಳು ಏಳುತ್ತವೆ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಮೂಲ ನಿರ್ಣಯದ ಆಡಳಿತ ನಿಯಮಗಳು ಈ ವಿಷಯದಲ್ಲಿ ಆಮದುದಾರನ ಹೊಣೆಯನ್ನು ಹೆಚ್ಚಿಸಿವೆ. ರಫ್ತುದಾರರೂ ಗಮನಿಸಬೇಕು: ಮೊದಲ ಆರು ಅಂಕಿಗಳು ಸಮನ್ವಿತ ಪದ್ಧತಿಯ ದೇಶಗಳಿಗೆಲ್ಲ ಸಮಾನ, ಮುಂದಿನ ಅಂಕಿಗಳನ್ನು ಖರೀದಿದಾರನ ದೇಶದ ಪಟ್ಟಿಯಲ್ಲಿ ನೋಡಬೇಕು.

ಅನುಸರಿಸಬೇಕಾದ ಕ್ರಮ

1. ಮೊಳಕೆ, ಒಣಗಿಸುವಿಕೆ, ಹುರಿಯುವಿಕೆಗಳ ವಿವರವುಳ್ಳ ತಯಾರಿಕಾ ಪತ್ರವನ್ನು ಮಾರಾಟಗಾರನಿಂದ ಮೊದಲೇ ತರಿಸಿಕೊಳ್ಳಬೇಕು. ಕ್ಯಾರಮೆಲ್ ಮಾಲ್ಟ್‌ನಂಥ ನಡುಬಣ್ಣದ ಸರಕುಗಳಿಗೆ ಇದು ಅತ್ಯಗತ್ಯ.

2. ಇನ್‌ವಾಯ್ಸ್‌ನಲ್ಲಿ ಬರಿಯ ‘ಮಾಲ್ಟ್’ ಎಂದಿರದೆ ಧಾನ್ಯ, ಹುರಿದಿದೆಯೇ ಇಲ್ಲವೇ, ರೂಪ ಮತ್ತು ಉಪಯೋಗ ಸ್ಪಷ್ಟವಾಗಿರಬೇಕು.

3. ಒಂದೇ ಕಂಟೇನರಿನಲ್ಲಿ ತಿಳಿ ಮಾಲ್ಟ್ ಮತ್ತು ಹುರಿದ ಮಾಲ್ಟ್ ಎರಡೂ ಇದ್ದರೆ ತೂಕ, ಬೆಲೆಗಳೊಡನೆ ಪ್ರತ್ಯೇಕ ಸಾಲುಗಳಲ್ಲಿ ಘೋಷಿಸಬೇಕು.

4. ಸಂಶಯವಿದ್ದಲ್ಲಿ 18ನೆಯ ಕಲಮಿನಡಿ ತಾತ್ಕಾಲಿಕ ನಿರ್ಧಾರಣೆಯನ್ನು ಕೋರಬಹುದು. ಪದೇ ಪದೇ ತರಿಸುವ ಸರಕಾದರೆ ಮುಂಗಡ ತೀರ್ಪು ಪಡೆಯುವುದು ಲೇಸು. ಕಾನೂನು ಅಥವಾ ಸಂಗತಿ ಬದಲಾಗದಿದ್ದರೆ ಅದು ಮೂರು ವರ್ಷ ಊರ್ಜಿತವೆಂದು 2022ರ ತಿದ್ದುಪಡಿ ಗೊತ್ತುಪಡಿಸಿತ್ತು.

ದರಗಳು ಬಜೆಟ್ಟು ಮತ್ತು ಅಧಿಸೂಚನೆಗಳೊಂದಿಗೆ ಬದಲಾಗುತ್ತಿರುವುದರಿಂದ ಸರಕು ಹಡಗೇರುವ ಮುನ್ನ ಅಂದಿನ ದರವನ್ನು ಖಚಿತಪಡಿಸಿಕೊಳ್ಳಬೇಕು. ಸರಕಿನ ಸ್ವರೂಪವನ್ನು ಅರಿತು ಕಾಗದಪತ್ರಗಳಲ್ಲಿ ಯಥಾವತ್ತಾಗಿ ನಮೂದಿಸಿದವರಿಗೆ ಮುಂದೆ ನೋಟೀಸು ಬಂದರೂ ಉತ್ತರಿಸಲು ಆಧಾರವಿರುತ್ತದೆ.